ಬೇಡಕ್ಕ ಮತ್ತು ಕಪ್ಪು ಚಾಕು

ಚಾಕು ಮಾರುವ ಅಂಗಡಿಯಲ್ಲಿ ಕೂತು, ಬಂದವರಿಗೆಲ್ಲ "ಬೇಡ" ಅನ್ನುವುದನ್ನೇ ಇಪ್ಪತ್ತೊಂಬತ್ತು ವರ್ಷ ಕಸುಬು ಮಾಡಿಕೊಂಡ ಹೆಂಗಸಿನ ಕಥೆ ಇದು. ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು, ಇಲ್ಲವೆನ್ನುವಂತಿಲ್ಲ; ಆದರೆ ಅದು ಕಾಗದಪತ್ರದಿಂದ ಆಚೆಗೆ ಬಂದು ಎಷ್ಟೋ ಕಾಲವಾಯಿತು. ಬೀದಿಗೆಲ್ಲ ಅವಳು ಬೇಡಕ್ಕ. ಸ್ವಂತ ಗಂಡನೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಾನೆ.

ಅಂಗಡಿ ಅಂದರೆ ದೊಡ್ಡದೇನಲ್ಲ. ಇಬ್ಬರು ಎದುರುಬದುರಾದರೆ ಒಬ್ಬರು ಹೊಟ್ಟೆ ಒಳಕ್ಕೆ ಎಳೆದುಕೊಳ್ಳಬೇಕು. ಎಡಗಡೆ ಉದ್ದಕ್ಕೂ ಗಾಜಿನ ಕೌಂಟರು. ಕೆಳಗಿನ ಹಲಗೆಯಲ್ಲಿ ಬೀಗದ ಕೈಗೊಂಚಲಿಗೆ ಸಿಕ್ಕಿಸುವ ಬೆರಳುದ್ದದ ಚಾಕುಗಳು; ನಡುವಿನ ಹಲಗೆಯಲ್ಲಿ ಮರದ ಹಿಡಿಯ ಮಡಚುವ ಚಾಕುಗಳು; ಮೇಲಿನದರಲ್ಲಿ ಇಕ್ಕಳ, ಕತ್ತರಿ, ಸ್ಕ್ರೂಡ್ರೈವರು, ಡಬ್ಬ ತೆಗೆಯುವ ಕೊಕ್ಕೆ ಎಲ್ಲವನ್ನೂ ಒಂದೇ ಹೊಟ್ಟೆಯಲ್ಲಿ ಅಡಗಿಸಿಕೊಂಡ ಮಲ್ಟಿಟೂಲುಗಳು. ಹಿಂದಿನ ಕೋಣೆಯಲ್ಲಿ ಸಾಣೆ ಚಕ್ರ. ಒಳಗೆ ಕಾಲಿಟ್ಟರೆ ಮೆಷಿನ್ ಎಣ್ಣೆಯ ವಾಸನೆ ಮೂಗಿಗೆ ಅಂಟಿಕೊಳ್ಳುತ್ತದೆ.

ಗಿರಾಕಿ ಬಂದ ಅಂತಿಟ್ಟುಕೊಳ್ಳಿ. ಬಂದವನ ಬೆರಳು ಸೀದಾ ಎಲ್ಲಕ್ಕಿಂತ ದೊಡ್ಡ ಚಾಕುವಿನ ಮೇಲೆ ಹೋಗುತ್ತದೆ. ಬೇಡಕ್ಕ ಚಾಕು ತೆಗೆಯುವುದಿಲ್ಲ. ಒಂದು ಹಸಿರು ಬಟ್ಟೆ ಹಾಸುತ್ತಾಳೆ.

"ಜೇಬು ಖಾಲಿ ಮಾಡಿ."

"ಯಾಕಮ್ಮ, ಇದೇನು ಪೊಲೀಸ್ ಸ್ಟೇಷನ್ನಾ?"

"ಅಲ್ಲಿಯಾದ್ರೆ ನಾಲ್ಕು ಬಿಟ್ಟು ಖಾಲಿ ಮಾಡಿಸ್ತಾರೆ. ನಾನು ಬಾಯಲ್ಲಿ ಕೇಳ್ತಿದೀನಿ. ಮಾಡಿ."

ಬೀಗದ ಕೈ, ಬಸ್ ಚೀಟಿ, ಮೂಲೆ ಹರಿದ ಮಾತ್ರೆ ಹಾಳೆ, ಎಲ್ಲಿಂದಲೋ ಬಿದ್ದ ಒಂದು ಸ್ಕ್ರೂ — ಒಂದೊಂದೇ ಬಟ್ಟೆಯ ಮೇಲೆ ಬರುತ್ತವೆ. ಬೇಡಕ್ಕ ಬೀಗದ ಕೈ ಎತ್ತಿ ಬೆಳಕಿಗೆ ಹಿಡಿಯುತ್ತಾಳೆ. "ನೋಡಿ, ಇದರ ಮೂತಿ ಸವೆದಿದೆ. ಇದರಲ್ಲೇ ಡಬ್ಬ ಮೀಟ್ತೀರ, ಇದರಲ್ಲೇ ಸ್ಕ್ರೂ ತಿರುಗಿಸ್ತೀರ. ಆ ದೊಡ್ಡದು ನಿಮಗೆ ಬೇಡ. ಸ್ಕ್ರೂಡ್ರೈವರ್ ಇರೋ ಚಿಕ್ಕ ಮಲ್ಟಿಟೂಲು ತಗೊಳ್ಳಿ. ನಿನ್ನೆ ಏನು ಕತ್ತರಿಸಿದ್ರಿ, ಹೇಳಿ?"

ಆಮೇಲೆ ಸೋಪು ನೀರಿನ ಬಟ್ಟಲು. ಅದರಲ್ಲಿ ಕೈ ಅದ್ದಿ, ಒದ್ದೆ ಕೈಯಲ್ಲೇ ಮೂರು ಸಲ ತೆರೆಯಬೇಕು, ಮೂರು ಸಲ ಮುಚ್ಚಬೇಕು. ಒಂದು ಸಲ ಜಾರಿದರೂ ಆ ಚಾಕು ವಾಪಸ್ ಹಲಗೆಗೆ. ಜಪ್ಪಯ್ಯ ಅಂದರೂ ಕೊಡುವುದಿಲ್ಲ.

ಈ ಹಟ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಕಟ್ಟಡಗಳ ನೆತ್ತಿಗೆ ದೊಡ್ಡ ದೊಡ್ಡ ಜಾಹೀರಾತು ಬಟ್ಟೆಗಳನ್ನು ಹಗ್ಗದಲ್ಲಿ ಬಿಗಿಯುವ ಒಬ್ಬ ಬಂದಿದ್ದ. ಏನೂ ವಿಚಾರಿಸದೆ, ಹಿಡಿ ಚೆಂದವಿದೆ ಅಂತ ಒಂದು ಚಾಕು ಕೊಟ್ಟಳು. ತೆರೆದ ಅಲಗು ಮಡಚಿಕೊಳ್ಳದಂತೆ ತಡೆಯುವ ಲಾಕು ಅದಕ್ಕೆ ಇರಲಿಲ್ಲ. ಆರನೇ ಮಹಡಿಯಲ್ಲಿ ನಿಂತು ಹಗ್ಗದ ಗಂಟು ಸಡಿಲಿಸಲು ಅವನು ಚಾಕುವಿನ ತುದಿಯನ್ನು ಅದಕ್ಕೆ ಒತ್ತಿದ. ಅಲಗು ಹಿಂದಕ್ಕೆ ಮಡಚಿಕೊಂಡು ಬೆರಳ ಮೇಲೆ ಕೂತಿತು. ವಾರ ಬಿಟ್ಟು, ಕೈಗೆ ಪಟ್ಟಿ ಸುತ್ತಿಕೊಂಡು ಬಂದವನು ಒಂದು ಗಂಟೆ ಹೊತ್ತು ಬೈದ. ಮರುದಿನ, ಬೈಯುವುದು ಇನ್ನೂ ಸ್ವಲ್ಪ ಉಳಿದಿದೆ ಅಂತ ನೆನಪಾಗಿ ಮತ್ತೆ ಬಂದ. ಮೂರನೇ ದಿನ ಬೈಗುಳ ಖರ್ಚಾಗಿ ಹೋಗಿತ್ತು, ಆದರೂ ಬಂದ. ಹಾಗೆ ಬಂದು ಬಂದೇ ಇಬ್ಬರಿಗೂ ಮದುವೆಯಾಯಿತು. ಅವನ ಎರಡು ಬೆರಳ ತುದಿಗೆ ಇವತ್ತಿಗೂ ಸ್ಪರ್ಶವಿಲ್ಲ. "ಒಂದು ತಪ್ಪು ಚಾಕು ಕೊಟ್ಟಿದ್ದಕ್ಕೆ ಜನ್ಮ ಪೂರ್ತಿ ಅಡುಗೆ ಮಾಡಿ ಹಾಕೋ ಶಿಕ್ಷೆ ಇವಳಿಗೆ" ಅಂತ ಸಿಕ್ಕವರಿಗೆಲ್ಲ ಹೇಳಿಕೊಂಡು ನಗುತ್ತಾನೆ. ಅವಳು ಆ ಮಾತಿಗೆ ನಗುವುದು ಕಮ್ಮಿ.

ಅಂಗಡಿಯ ಹಿರಿಯ ಯಜಮಾನರಿಗೆ ಈ ಜೇಬು, ಬಟ್ಟಲು ಎಲ್ಲ ಒಪ್ಪಿಗೆಯೇ ಇತ್ತು. ಆದರೆ ಮಂಡಿನೋವು ಬಂದು ಅವರು ಮನೆ ಹಿಡಿದ ಮೇಲೆ ಮಗ ಬಂದು ಕೂತ. ಚಿಕ್ಕ ಯಜಮಾನ ಕೆಟ್ಟವನಲ್ಲ. ಸ್ಕೂಲು ಚೀಲ ಹೊತ್ತು ಬರುತ್ತಿದ್ದಾಗ ಅವನ ಪೆನ್ಸಿಲು ಹೆರೆದು ಕೊಟ್ಟವಳು ಬೇಡಕ್ಕನೇ. ಹಾಗಾಗಿ ಅವಳಿಗೆ ಅವನು ಇನ್ನೂ 'ನೀನು'. ಅವನಿಗೆ ಒಂದೇ ಅವಸರ: ಅಂಗಡಿ ಬೆಳೆಯಬೇಕು.

ಆ ಅವಸರದ ಬೆನ್ನಿಗೇ ಕಪ್ಪು ಚಾಕುಗಳು ಬಂದವು. ಅಂಗೈ ತುಂಬುವಷ್ಟು ಉದ್ದ. ಹಿಡಿಯೂ ಕಪ್ಪು, ಅಲಗೂ ಕಪ್ಪು. ಅಲಗಿನ ಅರ್ಧಕ್ಕೆ ಗರಗಸದ ಹಲ್ಲು. ಹಿಡಿಯ ಹಿಂದೆ ಗಾಜು ಒಡೆಯುವ ಮೊನೆ. ಹೆಬ್ಬೆರಳಲ್ಲಿ ಒಂದು ಗುಬುಟು ತಳ್ಳಿದರೆ 'ಟಕ್' ಅಂತ ತೆರೆದು ನಿಲ್ಲುತ್ತದೆ. ಡಬ್ಬಿಯ ಮೇಲೆ 'ಟ್ಯಾಕ್ಟಿಕಲ್' ಅಂತ ಬರೆದು, ಮುಖಕ್ಕೆ ಬಣ್ಣ ಬಳಿದುಕೊಂಡ ಒಬ್ಬ ಸೈನಿಕನ ಚಿತ್ರ.

"ಇವನು ಯಾರ ಜೊತೆ ಯುದ್ಧಕ್ಕೆ ಹೊರಟಿದಾನೆ?" ಅಂದಳು ಬೇಡಕ್ಕ.

"ಅದು ಸ್ಟೈಲು ಬೇಡಕ್ಕ. ಈಗ ಜನ ಇದನ್ನೇ ಕೇಳೋದು."

ಅವಳು ಚಾಕು ತಗೊಂಡು ಲಾಕು ಹಾಕಿ, ಅಲಗಿನ ಬೆನ್ನನ್ನು ಮರದ ದಿಮ್ಮಿಗೆ ನಾಲ್ಕು ಸಲ ತಟ್ಟಿದಳು. ಅಲುಗಾಡಲಿಲ್ಲ. "ಚಾಕು ಒಳ್ಳೇದೇ. ಅದರ ಮೇಲೆ ನನಗೇನು ದ್ವೇಷ ಇಲ್ಲ" ಅಂದು ಕೆಳಗಿಟ್ಟಳು.

ಕಂಪನಿಯ ಷರತ್ತು ಹೀಗಿತ್ತು: ತಿಂಗಳಲ್ಲಿ ನೂರು ಕಪ್ಪು ಚಾಕು ಮಾರಿದರೆ ಊರಿಗೆಲ್ಲ ಇದೊಂದೇ ಅಂಗಡಿಗೆ ಏಜೆನ್ಸಿ. ಮೂರು ವಾರ ಕಳೆಯಿತು. ಮೂವತ್ತೆಂಟು ಹೋಗಿದ್ದವು, ಅಷ್ಟೂ ಚಿಕ್ಕ ಯಜಮಾನನ ಕೈಯಿಂದ. ಬೇಡಕ್ಕನ ಕೈಯಿಂದ ಒಂದೂ ಇಲ್ಲ. ಅವನ ತಾಳ್ಮೆ ತುದಿಗೆ ಬಂತು.

"ಶನಿವಾರ ಕಂಪನಿಯವರು ಬಂದು ಕೂತು ನೋಡ್ತಾರೆ. ಅವತ್ತೊಂದು ದಿನ ಆ ಹಸಿರು ಬಟ್ಟೆ ಮಡಚಿಡಿ. ಕೇಳಿದವರಿಗೆ ಕೇಳಿದ್ದು ಕೊಡಿ. ಇಲ್ಲಾಂದ್ರೆ ಕೌಂಟರಲ್ಲಿ ನಿಮ್ಮನ್ನ ಕೂರಿಸೋಕೆ ನನ್ನಿಂದ ಆಗಲ್ಲ."

"ಆಗಲ್ಲ ಅಂದ್ರೆ?"

"ಹಿಂದಿನ ಕೋಣೇಲಿ ಸಾಣೆ ಹಿಡೀರಿ. ಸಂಬಳ ಅದೇ."

ಬೇಡಕ್ಕ ಆ ಹೊತ್ತಿಗೆ ಕೈಯಲ್ಲಿದ್ದ ಮಲ್ಟಿಟೂಲಿನ ಇಕ್ಕಳಕ್ಕೆ ಎಣ್ಣೆ ಬಿಟ್ಟು, ಬಾಯಿ ತೆರೆದು ಮುಚ್ಚಿ ಮಾಡುತ್ತ ಕೂತಳು.

ಶನಿವಾರ ಕಂಪನಿಯವನು ಬಂದ. ಇಸ್ತ್ರಿ ಮುರಿಯದ ಅಂಗಿ. ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು, ಕಾಲ ಮೇಲೆ ಕಾಲು ಹಾಕಿ ಕೂತ. ಬೇಡಕ್ಕ ಬಂದವಳೇ ಹಸಿರು ಬಟ್ಟೆಯನ್ನು ಎಂದಿಗಿಂತ ಅಗಲವಾಗಿ ಹಾಸಿದಳು. ಚಿಕ್ಕ ಯಜಮಾನನ ಮುಖ ಸುಟ್ಟ ಬದನೆಕಾಯಿಯಂತಾಯಿತು.

ಮೊದಲು ಬಂದವನು ಮನೆಮನೆಗೆ ಪಾರ್ಸಲು ಹಂಚುವವನು. ಕಪ್ಪು ಚಾಕು ಬೇಕಂತೆ. "ಇಷ್ಟು ಚೂಪು ತುದಿಯಲ್ಲಿ ಪಾರ್ಸಲ್ ಕೊಯ್ದರೆ ಒಳಗಿರೋ ಅಂಗೀನೂ ಸೇರಿ ಎರಡಾಗುತ್ತೆ. ಬೇಡಪ್ಪ" ಅಂದು, ತುದಿ ಮೊಂಡಾದ ಗಿಡ್ಡ ಚಾಕು ಕೊಟ್ಟು ಕಳಿಸಿದಳು. ಕಂಪನಿಯವನು ಕಾಲು ಕೆಳಗಿಳಿಸಿದ. ಎರಡನೆಯವನು ಬ್ಯಾಂಕಿನ ಗುಮಾಸ್ತ. ಅವನ ಜೇಬಿನಲ್ಲಿ ಇದ್ದದ್ದು ಪೆನ್ನು, ಬಾಚಣಿಗೆ ಮತ್ತು ಹೆಂಡತಿ ಬರೆದುಕೊಟ್ಟ ಸಾಮಾನಿನ ಚೀಟಿ. ಅವನಿಗೆ ಚಾಕುವೇ ಬೇಡ ಅಂದಳು. ಅವನು ನಿಟ್ಟುಸಿರು ಬಿಟ್ಟು, ಯಾವುದೋ ಕಂಟಕದಿಂದ ಪಾರಾದವನ ಹಾಗೆ ಹೊರಟುಹೋದ.

ಮೂರನೆಯವರು ಬಂದದ್ದು ಊರುಗೋಲು ಹಿಡಿದುಕೊಂಡು. ನಿವೃತ್ತ ಗಣಿತದ ಟೀಚರ್ ಆಕೆ. ಬೀದಿಯ ಅರ್ಧ ಜನ ಆಕೆಯ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೇ. ಬಂದು ಕಪ್ಪು ಚಾಕುವಿನ ಕಡೆಗೆ ಕೋಲು ತೋರಿಸಿದರು. ಬೇಡಕ್ಕ ಬಟ್ಟೆ ತೋರಿಸಿದಳು. ಕೈಚೀಲದಿಂದ ಎರಡು ಕನ್ನಡಕ, ಒಂದು ಸೀಮೆಸುಣ್ಣದ ತುಂಡು, ಪೆಪ್ಪರಮೆಂಟು ಹೊರಬಂದವು.

"ನಿನ್ನೆ ಏನು ಕತ್ತರಿಸಿದ್ರಿ ಟೀಚರ್?"

"ಏನೂ ಇಲ್ಲ. ಒಂದು ಬಿಸ್ಕತ್ತಿನ ಪ್ಯಾಕೆಟ್ಟು. ಅದನ್ನೂ ಹಲ್ಲಲ್ಲಿ ಕಚ್ಚಿ ತೆಗೆದೆ."

"ಹಾಗಿದ್ರೆ ಇದು ನಿಮಗೆ ಬೇಡ."

"ಬೇಕು."

"ಯಾತಕ್ಕೆ?"

"ಆ ಶಬ್ದ ಬರುತ್ತಲ್ಲ, ಟಕ್ ಅಂತ, ಅದಕ್ಕೆ."

ಬೇಡಕ್ಕ ಬಾಯಿ ತೆರೆಯುವುದಕ್ಕೆ ಮುಂಚೆಯೇ ಟೀಚರ್ ಕೋಲನ್ನು ನೆಲಕ್ಕೆ ಕುಟ್ಟಿದರು. "ನೋಡಮ್ಮ, ಜೀವಮಾನ ಪೂರ್ತಿ ಉಪಯೋಗಕ್ಕೆ ಬರೋದನ್ನೇ ಕೊಂಡಿದ್ದೀನಿ. ಕೊಡೆ, ಚಪ್ಪಲಿ, ಮಗಳಿಗೆ ಪುಸ್ತಕ, ಅಳಿಯನಿಗೆ ವಾಚು. ಇದು ಉಪಯೋಗಕ್ಕಲ್ಲ. ಸಂಜೆ ಬಾಲ್ಕನೀಲಿ ಕೂತ್ಕೊಂಡು ತೆಗೀತೀನಿ, ಮುಚ್ತೀನಿ. ಚೆನ್ನಾಗಿದೆ, ನನಗೆ ಇಷ್ಟ. ಇದಕ್ಕೆ ನಿಂದೇನು ತಕರಾರು?"

ಬೇಡಕ್ಕ ಸೋಪುನೀರಿನ ಬಟ್ಟಲನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದಳು. ಟೀಚರ ಬೆರಳ ಗಿಣ್ಣುಗಳು ಊದಿಕೊಂಡಿದ್ದವು. ಮೊದಲ ಸಲ ಗುಬುಟು ಜಾರಿತು. ನಿಯಮದ ಪ್ರಕಾರ ಚಾಕು ಆಗಲೇ ಹಲಗೆಗೆ ಹೋಗಬೇಕಿತ್ತು. ಬೇಡಕ್ಕ ಕೌಂಟರಿನ ಮೇಲೆ ಬಾಗಿ, "ಹೆಬ್ಬೆರಳ ತುದಿಯಲ್ಲಲ್ಲ, ಪಕ್ಕದಲ್ಲಿ ತಳ್ಳಿ" ಅಂದಳು. ಆರನೆಯ ಸಲಕ್ಕೆ 'ಟಕ್' ಅಂತು. ಆಮೇಲೆ ಮೂರು ಸಲ ತೆರೆಸಿ, ಮೂರು ಸಲ ಮುಚ್ಚಿಸಿ, ಒರೆಸಿ, ಕೊಟ್ಟಳು. ಟೀಚರ್ ಮೆಟ್ಟಿಲಿಳಿಯುವಾಗಲೂ ಒಂದು ಸಲ ಟಕ್ ಅನ್ನಿಸಿಕೊಂಡೇ ಹೋದರು.

ಕಂಪನಿಯವನು ಎದ್ದು ನಿಂತ. "ಈಗ ದಾರಿಗೆ ಬಂದ್ರಿ ನೋಡಿ!"

"ಯಾವ ದಾರಿಗೆ? ಆಕೆಗೆ ಯಾಕೆ ಬೇಕು ಅಂತ ಆಕೆಗೆ ಗೊತ್ತಿತ್ತು. ನಿಮ್ಮ ಮಿಕ್ಕ ಮೂವತ್ತೆಂಟು ಜನಕ್ಕೆ ಗೊತ್ತಿತ್ತಾ, ಹೋಗಿ ಕೇಳ್ಕೊಂಡು ಬನ್ನಿ."

ಅಂದವಳು ಆಮೇಲೆ ಬಂದ ನಾಲ್ವರಿಗೂ ಬೇಡ ಅಂದಳು. ಕಂಪನಿಯವನು ಚಹಾ ಕೂಡ ಕುಡಿಯದೆ ಹೊರಟ. ಅವನ ಬೆನ್ನು ಮರೆಯಾದದ್ದೇ ಚಿಕ್ಕ ಯಜಮಾನ ತಿರುಗಿ ನಿಂತ.

"ಸೋಮವಾರದಿಂದ ನೀವು ಕೌಂಟರಲ್ಲಿ ಕೂರೋ ಹಾಗಿಲ್ಲ. ಹಿಂದಿನ ಕೋಣೆ."

"ಸೋಮವಾರ ಬರ್ತೀನಿ. ಇಲ್ಲೇ ಕೂರ್ತೀನಿ. ಎಬ್ಬಿಸಬೇಕು ಅನ್ನಿಸಿದ್ರೆ ಗಿರಾಕಿಗಳ ಮುಂದೆ ನೀನೇ ಕೈ ಹಿಡಿದು ಎಬ್ಬಿಸು."

ಮನೆಯಲ್ಲಿ ಗಂಡ ಎಲ್ಲ ಕೇಳಿಸಿಕೊಂಡ. "ಸಾಣೆ ಹಿಡಿದ್ರೆ ಏನು ಕಿರೀಟ ಬಿದ್ದು ಹೋಗುತ್ತಾ?"

"ಸಾಣೆ ಹಿಡಿಯೋದು ಕೀಳು ಕೆಲಸ ಅಂತ ನಾನಂದ್ನಾ? ಅಲ್ಲಿ ಕೂತ್ರೆ ಮುಂದುಗಡೆ ಯಾರು ಯಾರಿಗೆ ಏನು ಕೊಡ್ತಿದಾರೆ ಅಂತ ಕಾಣಲ್ಲ. ಒಬ್ಬರಿಗೆ ಹಾಗೆ ಕೊಟ್ಟು ನೋಡಿದೀನಲ್ಲ."

ಗಂಡ ತನ್ನ ಬೆರಳನ್ನೇ ಸ್ವಲ್ಪ ಹೊತ್ತು ನೋಡಿಕೊಂಡ. "ಹಾಗಾದ್ರೆ ಕೂತ್ಕೊ" ಅಂದ. "ಅವನು ಎಬ್ಬಿಸಿದ್ರೆ ಹೇಳಿ ಕಳಿಸು. ಬಂದು ಬೈತೀನಿ. ಆ ಅಂಗಡೀಲಿ ಬೈದು ನನಗೆ ಅನುಭವ ಇದೆ."

ಸೋಮವಾರ ಷಟರು ಎತ್ತಿದಾಗ ಕೌಂಟರಿನ ಹಿಂದೆ ಅವಳ ಸ್ಟೂಲು ಇರಲಿಲ್ಲ. ಅದನ್ನು ಹಿಂದಿನ ಕೋಣೆಗೆ ಸಾಗಿಸಲಾಗಿತ್ತು. ಬೇಡಕ್ಕ ಒಳಗೆ ಹೋಗಿ, ಎತ್ತಿ ತರುವ ಬದಲು ನೆಲದ ಮೇಲೆ ಕಿರ್ರೋ ಅಂತ ಎಳೆದುಕೊಂಡು ಬಂದಳು. ಎದುರಿನ ಬೀಗದಂಗಡಿಯವನು ಕತ್ತು ಚಾಚಿ ನೋಡಿದ. ಅವಳು ಕೂತಳು.

"ಬೇಡಕ್ಕ, ನಾನು ಹೇಳಿದ್ದೆ."

"ಕೇಳಿಸ್ಕೊಂಡಿದ್ದೆ."

ಅಷ್ಟರಲ್ಲಿ ಒಬ್ಬ ಆಫೀಸಿನವನು ಬುಸುಗುಡುತ್ತ ಒಳಬಂದು ಕಪ್ಪು ಚಾಕುವನ್ನು ಕೌಂಟರಿಗೆ ಕುಕ್ಕಿದ. ಹಿಂದಿನ ವಾರ ಚಿಕ್ಕ ಯಜಮಾನ ಮಾರಿದ್ದು. "ಇದರ ಕ್ಲಿಪ್ಪು ಸಿಕ್ಕಿ ಪ್ಯಾಂಟು ಹರೀತು, ಸೋಫಾ ಹರೀತು. ಆಫೀಸಿನ ಗೇಟಲ್ಲಿ ಒಳಗೆ ಬಿಡಲ್ಲ, ದಿನಾ ಕಾವಲಿನವನ ಹತ್ರ ಕೊಟ್ಟು ಹೋಗ್ತೀನಿ. ಇದನ್ನ ನನಗಿಂತ ಅವನೇ ಜಾಸ್ತಿ ಬಳಸ್ತಿದಾನೆ!"

"ಮಾರಿದ್ದು ವಾಪಸ್ ತಗೊಳ್ಳಲ್ಲ ಸಾರ್" ಅಂದ ಚಿಕ್ಕ ಯಜಮಾನ.

"ತಗೋತೀವಿ" ಅಂದಳು ಬೇಡಕ್ಕ. "ಕೊಡೋವಾಗ ನಿಮ್ಮನ್ನ ಏನಾದ್ರೂ ಕೇಳಿದ್ರಾ?"

"ಏನೂ ಕೇಳಲಿಲ್ಲ. ಡಬ್ಬಿ ಮೇಲಿನ ಚಿತ್ರ ತೋರಿಸಿದ್ರು."

ಅವಳು ಕಪ್ಪು ಚಾಕುವನ್ನು ಒಳಗಿಟ್ಟು, ಅಲಗೇ ಇಲ್ಲದ, ಕತ್ತರಿ ಮತ್ತು ಸ್ಕ್ರೂಡ್ರೈವರು ಮಾತ್ರ ಇರುವ ಚಪ್ಪಟೆ ಮಲ್ಟಿಟೂಲು ತೆಗೆದು ಅವನ ಅಂಗೈಗೆ ಇಟ್ಟಳು. "ಇದನ್ನ ಯಾವ ಗೇಟಲ್ಲಾದ್ರೂ ಬೇಡ ಅಂದ್ರೆ ಬಂದು ನನ್ನನ್ನ ಬೈಯಿರಿ."

"ಅಂಗಡಿ ನಂದು!" ಚಿಕ್ಕ ಯಜಮಾನನ ದನಿ ಒಡೆಯಿತು.

"ನಿಂದೇ. ಇಲ್ಲ ಅಂದವರು ಯಾರು? ಆದ್ರೆ ಇಲ್ಲಿಂದ ಹೋದ ಚಾಕು ಯಾರ ಬೆರಳಿಗೆ ಕೂತರೂ ಜನ ಬಂದು ನಿಲ್ಲೋದು ನನ್ನ ಮುಂದೆ. ನಾನು ಏಳಲ್ಲ."

ಅವನು ಕೌಂಟರು ಸುತ್ತಿ ಬಂದ. ಸ್ಟೂಲಿನ ಪಕ್ಕಕ್ಕೇ ಬಂದು ನಿಂತ. ಬಾಗಿಲಲ್ಲಿ ಇನ್ನಿಬ್ಬರು ಗಿರಾಕಿಗಳು ಬಂದು ನಿಂತಿದ್ದರು. ಆಫೀಸಿನವನೂ ಹೋಗದೆ ನೋಡುತ್ತಿದ್ದ. ಬೇಡಕ್ಕ ತನ್ನ ಬಲಗೈಯನ್ನು ನೆಟ್ಟಗೆ ಮುಂದಕ್ಕೆ ಚಾಚಿದಳು. "ಹಿಡಿ."

ಅವನು ಹಿಡಿಯಲಿಲ್ಲ. ಕಿವಿ ತುದಿಯವರೆಗೆ ಕೆಂಪಾಗಿ ನಿಂತವನು ಹಿಂದಿನ ಕೋಣೆಗೆ ಹೋದ. ಬರುವಾಗ ಇನ್ನೊಂದು ಕುರ್ಚಿ ತಂದು ಕೌಂಟರಿನ ಆ ತುದಿಗೆ ಹಾಕಿಕೊಂಡು, ಕಪ್ಪು ಚಾಕುಗಳನ್ನೆಲ್ಲ ತನ್ನ ಕಡೆಗೆ ಎಳೆದುಕೊಂಡ.

ಏಜೆನ್ಸಿ ಬೇರೆ ಬೀದಿಯ ಅಂಗಡಿಗೆ ಹೋಯಿತು. ಆ ಸಿಟ್ಟು ಚಿಕ್ಕ ಯಜಮಾನನಿಗೆ ಇನ್ನೂ ಇಳಿದಿಲ್ಲ. ಬೇಡಕ್ಕನೂ ಸಮಾಧಾನದ ಮಾತು ಆಡಿಲ್ಲ. ಈಗಲೂ ಅಲ್ಲಿ ಒಂದೇ ಕೌಂಟರಿಗೆ ಎರಡು ತುದಿ. ಅವನ ಎದುರು ಯಾರಾದರೂ ಕಪ್ಪು ಚಾಕು ಎತ್ತಿ ನೋಡಿದರೆ ಈ ತುದಿಯಿಂದ ಕೂಗು ಬರುತ್ತದೆ: "ಬೇಡಾ!"

"ಬೇಡಕ್ಕ, ಇವರು ನನ್ನ ಗಿರಾಕಿ!"

"ನಿನ್ನ ಗಿರಾಕಿಯೇ ಇರಲಿ, ಒದ್ದೆ ಕೈಯಲ್ಲಿ ಒಂದ್ಸಲ ತೆಗೆಸು ನೋಡೋಣ. ಈ ಬಟ್ಟಲು ಅಲ್ಲಿಗೆ ಕೊಡ್ಲಾ?"

ಬಟ್ಟಲು ಬೇಡ ಅಂತ ಅವನು ತಲೆ ಆಡಿಸುತ್ತಾನೆ. ಬೇಡಕ್ಕ ಆಗಲೇ ಸ್ಟೂಲಿನಿಂದ ಇಳಿದು, ನೀರು ತುಳುಕದಂತೆ ಎರಡೂ ಕೈಯಲ್ಲಿ ಅದನ್ನು ಹಿಡಿದು ಆ ತುದಿಗೆ ಹೊರಟಿರುತ್ತಾಳೆ.