ಹಾರೆಗೆ ಕುಂಕುಮ ಹಚ್ಚಿದ ಕಳ್ಳ

ತರೀಕೆರೆಯ ವಕೀಲ ಈರಭದ್ರಪ್ಪ ವಿಲಾಯತಿಗೆ ಹೋದವರಲ್ಲ. ಸಮುದ್ರ ಕಂಡದ್ದೂ ಅನುಮಾನ. ಆದರೂ ಕಡೂರಿಂದ ಅಜ್ಜಂಪುರದವರೆಗೆ ಜನ ಬ್ಯಾರಿಸ್ಟರ್ ಅನ್ನುತ್ತಿದ್ದರು. ತಿದ್ದುವ ಗೋಜಿಗೆ ಅವರೂ ಹೋಗಲಿಲ್ಲ. ಕಳ್ಳತನ, ಹೊಡೆದಾಟದ ಆರೋಪ ಹೊತ್ತವರು, ಕೆಲಸ ಕಳಕೊಂಡ ಕೂಲಿಗಳು, ಇವರೇ ಅವರ ಕಕ್ಷಿದಾರರು. ಬ್ಯಾರಿಸ್ಟರರ ಬಂಡವಾಳ, ಸಿಟ್ಟು.

ಸಾವಿರದ ಒಂಬೈನೂರ ಐವತ್ತೊಂಬತ್ತರಲ್ಲಿ ಲಕ್ಕವಳ್ಳಿ ಅಣೆಕಟ್ಟೆಯ ಕೂಲಿ ಕೆಂಚಪ್ಪ ಅವರ ಹತ್ತಿರ ಬಂದ. ಕಲ್ಲು ಬಿದ್ದು ಕಾಲು ಮುರಿದ ಜೊತೆಗಾರನಿಗೆ ಪರಿಹಾರ ಕೊಡಿ ಅಂತ ಕಂತ್ರಾಟುದಾರನನ್ನು ಎದುರೆದುರೇ ಕೇಳಿದ್ದ. ಅಷ್ಟರಲ್ಲಿ ಆಯುಧಪೂಜೆ ಬಂತು. ಎಲ್ಲರ ಹಾಗೆ ಇವನೂ ಕಂತ್ರಾಟುದಾರ ಕೊಟ್ಟಿದ್ದ, ತಾನು ಹಿಡಿಯುವ ಹಾರೆಯನ್ನು ಮನೆಗೊಯ್ದು, ತೊಳೆದು, ಕುಂಕುಮ ಹಚ್ಚಿ ದೇವರ ಮುಂದೆ ಒರಗಿಸಿದ. ಕಂತ್ರಾಟುದಾರ ದೂರು ಕೊಟ್ಟ; ಪೊಲೀಸರು ಬಂದು ಹೂವಿನ ಸಮೇತ ಎತ್ತಿಕೊಂಡು ಹೋದರು. ಮಾಲು ಕದ್ದ ಕೇಸು. ಕೆಲಸವೂ ಹೋಯಿತು.

ಈರಭದ್ರಪ್ಪ ಕೋರ್ಟಿನಲ್ಲಿ ಇಂಗ್ಲಿಷಿನಲ್ಲೇ ಗುಡುಗತೊಡಗಿದರು. “ಕನ್ನಡದಲ್ಲೇ ಬೈಯಿರಿ, ಸಾಕ್ಷಿಗೂ ತಿಳೀಲಿ” ಅಂದರು ಮ್ಯಾಜಿಸ್ಟ್ರೇಟರು. ಸಾಕ್ಷಿ, ಕಂತ್ರಾಟುದಾರನ ಕಡೆಯ ಮೇಸ್ತ್ರಿ ತೀರ್ಥಪ್ಪ.

“ಏನಪ್ಪಾ, ಕಂತ್ರಾಟುದಾರ ಕೊಟ್ಟ ಗಾರೆ ಕರಣೆ, ತೂಗುಗುಂಡು ಹಬ್ಬದ ದಿನ ಎಲ್ಲಿದ್ವು?” ಕೇಳಿದರು ಈರಭದ್ರಪ್ಪ.

“ನಮ್ಮನೇಲಿ ಸ್ವಾಮಿ. ಪೂಜೆಗೆ.”

“ಹಂಗಾದ್ರೆ ನೀನೂ ಕಳ್ಳನೇ ಕಣಯ್ಯಾ!”

ಕೆಂಚಪ್ಪ ಬಿಡುಗಡೆಯಾದ. “ಬಿಟ್ಟಿದ್ದು ಕೋರ್ಟು, ನಾನಲ್ಲ” ಅಂದ ಕಂತ್ರಾಟುದಾರ. ಕೆಲಸಕ್ಕಾಗಿ ಎರಡನೇ ಜಗಳ ಕಾರ್ಮಿಕ ಅಧಿಕಾರಿಯ ಎದುರು ನಡೆಯಿತು. ಅಲ್ಲಿ ಕಂತ್ರಾಟುದಾರ ಒಂದು ದಾರಿ ತೋರಿಸಿದ: “ಕದ್ದಿದ್ದು ತಪ್ಪಾಯ್ತು ಅನ್ಲಿ, ನಾಳೇನೇ ಸೇರಿಸ್ಕೋತೀನಿ.”

ಕೆಂಚಪ್ಪ ಕೈ ಜೋಡಿಸೇಬಿಟ್ಟ.

“ಲೇ, ಇಳಿಸೋ ಕೈನ!” ಗದರಿದರು ಈರಭದ್ರಪ್ಪ.

“ಒಂದ್ ಮಾತು ತಾನೇ ಸ್ವಾಮಿ, ಅಂದ್ಬಿಡ್ತೀನಿ. ಮನೇಲಿ ದ್ಯಾಮಮ್ಮ ಎಸರಿಟ್ಟು ಕೂತವ್ಳೆ.”

“ಅಂದ್ರೆ ಕಳ್ಳ ಅಂತ ನೀನೇ ಒಪ್ಕೊಂಡಂಗೆ. ನಾಳೆ ಇನ್ನೊಬ್ಬನ ಕಾಲು ಮುರಿದ್ರೆ ಬಾಯಿ ಬಿಡೋನು ಯಾವನು?”

ಕೆಂಚಪ್ಪ ಕೈ ಇಳಿಸಿದ. ಕೇಸು ಕಾರ್ಮಿಕ ನ್ಯಾಯಾಲಯಕ್ಕೆ ಹೋಗಿ ವರ್ಷಗಟ್ಟಲೆ ಎಳೆಯಿತು. ದ್ಯಾಮಮ್ಮ ಅವರಿವರ ಗದ್ದೆಯಲ್ಲಿ ನಾಟಿ ಮಾಡಿ ಗಂಡನನ್ನೂ, ಗಂಡನ ಮರ್ಯಾದೆಯನ್ನೂ ಸಾಕಿದಳು. ಕೊನೆಗೆ ಕೆಲಸ ವಾಪಸು ಕೊಡಬೇಕೆಂದು ತೀರ್ಪಾಯಿತು. ಅಷ್ಟು ಹೊತ್ತಿಗೆ ಅವನು ದುಡಿದಿದ್ದ ಕಡೆ ಕಟ್ಟೆ ಎದ್ದು ನಿಂತು, ಅಲ್ಲಿ ಕೆಲಸವೇ ಉಳಿದಿರಲಿಲ್ಲ.

“ಗೆದ್ವಲ್ಲ ಸ್ವಾಮಿ, ಈಗ ಎಲ್ಲಿಗೋಗ್ಲಿ?”

ಬ್ಯಾರಿಸ್ಟರಿಗೆ ಆ ಸಿಟ್ಟು ಮೊದಲ ಸಲ ತಮ್ಮ ಮೇಲೇ ತಿರುಗಿತು. ಸಿಟ್ಟನ್ನು ಒಳಗೇ ಇಟ್ಟುಕೊಂಡು ಅವರಿಗೆ ಅಭ್ಯಾಸವಿಲ್ಲ. ಅದೇ ಕಂತ್ರಾಟುದಾರ ನಾಲೆ ಕೆಲಸ ಹಿಡಿದಿದ್ದಾನೆಂದು ತಿಳಿದದ್ದೇ, ಕೆಂಚಪ್ಪನ ರಟ್ಟೆ ಹಿಡಿದು ಬಸ್ಸು ಹತ್ತಿದರು.

“ಅಲ್ಲಿ ನಾನೇನನ್ಲಿ ಸ್ವಾಮಿ?”

“ಏನೂ ಅನ್ಬೇಡ. ಸೀದಾ ಇಳಿದು ಮಣ್ಣು ತೋಡು. ಯಾವನು ಎಬ್ಬಿಸ್ತಾನೋ ನೋಡೇಬಿಡೋಣ.”