ಮೊಲದಕ್ಕನ ಎಡಗಣ್ಣು

ಪ್ರಯೋಗಾಲಯದಲ್ಲಿ ಎಲ್ಲರಿಗೂ ಅವಳು ಮೊಲದಕ್ಕ. ಕಸ ಗುಡಿಸುವ ಕೆಲಸಕ್ಕೆ ಸೇರಿದವಳು ಕ್ರಮೇಣ ಮೊಲ ಹಿಡಿಯುವುದರಲ್ಲಿ ಎತ್ತಿದ ಕೈಯಾಗಿದ್ದಳು. ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲೆ ಕೂರಿಸಿಕೊಂಡಳೆಂದರೆ ಎಂಥ ಪುಂಡ ಮೊಲವೂ ತೆಪ್ಪಗಾಗುತ್ತಿತ್ತು. ತನ್ನನ್ನು ಇದುವರೆಗೆ ಒಂದು ಮೊಲವೂ ಒದ್ದಿಲ್ಲ ಎಂದು ಅವಳಿಗೆ ಜಂಬ. ಆ ಜಂಬವೇ ಮುಳುವಾಯಿತು.

ಅಲ್ಲಿ ನಡೆಯುತ್ತಿದ್ದದ್ದು ಕಣ್ಣಿಗೆ ಬರುವ ಹರ್ಪಿಸ್ ಸೋಂಕಿನ ಮದ್ದಿನ ಪರೀಕ್ಷೆ. ಆ ಸೋಂಕು ಕಣ್ಣುಗುಡ್ಡೆಯ ಮೇಲೆ ಹುಣ್ಣು ಮಾಡುತ್ತದೆ. ತಡವಾದರೆ ಕಲೆ ಉಳಿದು ನೋಟವೇ ಮಂಜಾಗುತ್ತದೆ. ಮತ್ತೆ ಮತ್ತೆ ಹನಿ ಹಾಕುವ ಕಾಟ ತಪ್ಪಲೆಂದು, ರೆಪ್ಪೆಯೊಳಗೆ ಇಟ್ಟರೆ ನಿಧಾನಕ್ಕೆ ಕರಗುತ್ತ ಮದ್ದು ಬಿಡುವ ತೆಳ್ಳನೆಯ ಬಿಲ್ಲೆ ಮಾಡಿದ್ದರು. ಮೊಲಗಳ ಕಣ್ಣಿಗೆ ಬೇಕೆಂದೇ ಸೋಂಕು ತಗುಲಿಸಿ, ಅರ್ಧಕ್ಕೆ ಮದ್ದಿನ ಬಿಲ್ಲೆ, ಇನ್ನರ್ಧಕ್ಕೆ ಮದ್ದಿಲ್ಲದ ಬರೀ ಬಿಲ್ಲೆ ಇಡುತ್ತಿದ್ದರು. ಯಾವುದು ಯಾವುದೆಂದು ಇಡುವವರಿಗೂ ಗೊತ್ತಿರುತ್ತಿರಲಿಲ್ಲ. ಆದರೆ ಕೆಲವೇ ದಿನಗಳಲ್ಲಿ ಕೆಲವು ಕಣ್ಣು ತಿಳಿಯಾಗುತ್ತಿದ್ದವು, ಕೆಲವು ಬೆಳ್ಳಗಾಗುತ್ತಿದ್ದವು. ಕಣ್ಣು ಬೆಳ್ಳಗಾದ ಮೊಲಗಳನ್ನು ಎತ್ತಿಕೊಳ್ಳುವಾಗ ಮೊಲದಕ್ಕನ ಕರುಳು ಚುರುಕ್ಕೆನ್ನುತ್ತಿತ್ತು.

ಅಂದು ಸೋಂಕು ತಗುಲಿದ ಮೊಲವೊಂದು ಟವೆಲ್ಲಿನಿಂದ ಕಾಲು ಬಿಡಿಸಿಕೊಂಡು ಜಾಡಿಸಿ ಒದೆಯಿತು. ಅವಳ ರಕ್ಷಣೆಯ ಕನ್ನಡಕ ಜಾರಿ ಎಡಗಣ್ಣಿಗೆ ಏನೋ ಸಿಡಿಯಿತು. ಹಾಗೇನಾದರೂ ಆದರೆ ಕಣ್ಣು ತೊಳೆದು ತಕ್ಷಣ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂಗೆ ಹೇಳಬೇಕೆಂಬುದು ಅಲ್ಲಿನ ನಿಯಮ. ತೊಳೆದಳು, ಹೇಳಲಿಲ್ಲ. ಮೊಲದಕ್ಕನಿಗೇ ಮೊಲ ಒದೆಯಿತಂತೆ ಎಂದು ನಾಲ್ಕು ಜನ ಆಡಿಕೊಂಡು ನಗುವುದು ಅವಳಿಗೆ ಬೇಕಿರಲಿಲ್ಲ.

ಮುಂದಿನ ವಾರ ಕಣ್ಣು ಕೆಂಪಾಯಿತು. ಮರಳು ಬಿದ್ದಂತೆ ಒತ್ತುತ್ತಿತ್ತು, ಬೆಳಕು ಚುಚ್ಚುತ್ತಿತ್ತು. ಧೂಳು ಬಿದ್ದಿದೆ ಎಂದು ಮಗಳಿಗೆ ಸುಳ್ಳು ಹೇಳಿದಳು, ಆದರೆ ತನ್ನ ಟವೆಲ್ಲು, ದಿಂಬು ಬೇರೆ ಮಾಡಿಕೊಂಡಳು. ಮೊಮ್ಮಗಳು ಕೊರಳಿಗೆ ಜೋತುಬೀಳಲು ಬಂದರೆ ಗದರಿ ದೂರ ಓಡಿಸಿದಳು. ಬಲಗಣ್ಣು ಮುಚ್ಚಿ ಗೋಡೆಯ ಗಡಿಯಾರ ನೋಡುವುದೇ ಅವಳ ಕೆಲಸವಾಯಿತು. ತಡ ಮಾಡಿದರೆ ಏನಾಗುತ್ತದೆಂದು ದಿನಾ ಕಣ್ಣಾರೆ ಕಂಡವಳೇ ತಡ ಮಾಡುತ್ತಿದ್ದಳಲ್ಲ, ಅದೆಂಥ ಹುಂಬತನವೋ!

ಒಂದು ಬೆಳಗ್ಗೆ ಗಡಿಯಾರದ ಮುಳ್ಳೇ ಕಾಣಲಿಲ್ಲ. ನೇರ ಹೋಗಿ ಮೇಡಂಗೆ ಎಲ್ಲ ಒಪ್ಪಿಸಿದಳು. ಮೇಡಂ ನಗಲಿಲ್ಲ, ಬೈಯಲೂ ಇಲ್ಲ. ಅವರ ಮುಖ ಬಿಳಿಚಿಕೊಂಡಿತು. ಕೂಡಲೇ ಮಗಳಿಗೆ ಫೋನು ಮಾಡಿ ಕರೆಸಿ, ಮೊಲದಕ್ಕನನ್ನು ಆಸ್ಪತ್ರೆಗೆ ಕಳಿಸಿದರು.

ಕಣ್ಣಾಸ್ಪತ್ರೆಯಲ್ಲಿ ಬಣ್ಣದ ಹನಿ ಹಾಕಿ ನೀಲಿ ಬೆಳಕು ಬಿಟ್ಟರು. ಅವಳು ಎಷ್ಟು ನಡುಗುತ್ತಿದ್ದಳೆಂದರೆ, ತಲೆ ಅಲ್ಲಾಡದಂತೆ ಮಗಳು ಹಿಂದಿನಿಂದ ಗಟ್ಟಿಯಾಗಿ ಹಿಡಿದುಕೊಳ್ಳಬೇಕಾಯಿತು. ಹುಣ್ಣು ಕೊಂಬೆ ಕೊಂಬೆಯಾಗಿ ಹರಡಿದೆ, ಮೊದಲೇ ಬರಬೇಕಿತ್ತು, ಆದರೂ ಉಳಿಸಲು ನೋಡೋಣ ಎಂದು ಡಾಕ್ಟರು ಮುಲಾಮಿನ ಟ್ಯೂಬೊಂದನ್ನು ಅವಳ ಕೈಗೆ ಕೊಟ್ಟರು. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಡಾಕ್ಟ್ರೇ, ಇದ್ರಲ್ಲಿ ಮದ್ದು ಇದೆ ತಾನೆ?”

ಡಾಕ್ಟರು ಅರ್ಥವಾಗದೆ ಮಗಳ ಮುಖ ನೋಡಿದರು. “ಇದೆಯಮ್ಮಾ. ಮದ್ದಿಲ್ದೆ ಯಾರಾದ್ರೂ ಕೊಡ್ತಾರಾ?”

“ನಾವು ಕೊಡ್ತೀವಿ,” ಎಂದು ಮೊಲದಕ್ಕ ಅತ್ತಳು.