ವಾಪಸು ಬಂದ ಗುಲಾಬಿಗಳ ಕೌಂಟರು

ಪೇಟೆಯ ಆ ದೊಡ್ಡ ಹೂವಿನಂಗಡಿಯಲ್ಲಿ ಗುಲಾಬಿ ಮಾರುವವರು ಆರು ಮಂದಿ, ವಾಪಸು ತೆಗೆದುಕೊಳ್ಳುವವನು ಒಬ್ಬನೇ. ಪ್ರೀತಿ ಕೆಟ್ಟವರೆಲ್ಲ ಹೂವು ಹಿಡಿದುಕೊಂಡು ಅವನ ಕೌಂಟರಿಗೇ ಬರಬೇಕು. ಹತ್ತೊಂಬತ್ತು ವರ್ಷದಿಂದ ಅದೇ ಕುರ್ಚಿ, ಅದೇ ಭೂತಗನ್ನಡಿ. ಎಲ್ಲರೂ ಅವನನ್ನು ಡಾಕ್ಟ್ರು ಎಂದೇ ಕರೆಯುತ್ತಿದ್ದರು.

ಕೆಲಸವೇನು ಸಣ್ಣದಲ್ಲ. ದಂಟನ್ನು ಓರೆಯಾಗಿ ಕತ್ತರಿಸಿದ್ದಾರೆಯೇ, ಕೆಳಗಿನ ಎಲೆ ಕಿತ್ತಿದ್ದಾರೆಯೇ, ದಿನಾ ನೀರು ಬದಲಿಸಿದ್ದಾರೆಯೇ ಎಂದು ನೋಡಿ, ಫಾರಮ್ಮಿನ ಎರಡು ಚೌಕಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು: ದೋಷ ಹೂವಿನದು, ಇಲ್ಲವೇ ಇಟ್ಟುಕೊಂಡವರದು. ಹೂವಿನದಾದರೆ ಹೊಸ ಹೂವು. ಇಟ್ಟುಕೊಂಡವರದಾದರೆ ಬರೀ ಬುದ್ಧಿವಾದ.

"ಹುಡುಗಿ ಬಿಟ್ಟುಹೋದ್ಲು ಡಾಕ್ಟ್ರೇ" ಎಂದು ಗೋಳಾಡುವವನಿಗೆ, "ಹೋಗದೆ ಏನ್ಮಾಡ್ತಾಳೆ? ದಂಟು ನೋಡಿ, ಎರಡು ದಿನದಿಂದ ನೀರೇ ಕಂಡಿಲ್ಲ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಿದ್ದ. ಜನ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು. ದಂಟು ಕತ್ತರಿಸಲೂ ಬಾರದವರಿಗೆ ಪ್ರೀತಿ ಏಕೆ ಬೇಕು ಎಂದು ಅವನಿಗೆ ನಿಜವಾಗಿಯೂ ಸಿಟ್ಟು ಬರುತ್ತಿತ್ತು.

ತನ್ನ ಮನೆಯ ಬಗ್ಗೆ ಮಾತ್ರ ಅವನಿಗೆ ಎಳ್ಳಷ್ಟೂ ಚಿಂತೆಯಿರಲಿಲ್ಲ. ಮದುವೆಯಾದ ವಾರವೇ ಹೆಂಡತಿಗೆ ಒಂದು ಪ್ಲಾಸ್ಟಿಕ್ ಗುಲಾಬಿ ಕೊಟ್ಟು ಕೈತೊಳೆದುಕೊಂಡಿದ್ದ. ದಿನವಿಡೀ ದೂರು ಕೇಳುವವನು ಮನೆಯಲ್ಲೂ ಕೇಳಬೇಕೇ?

ಒಂದು ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ನೋಡುತ್ತಾನೆ, ಸಾಲಿನಲ್ಲಿ ನಾಲ್ಕನೆಯವಳಾಗಿ ಹೆಂಡತಿ! ಒಂದು ಕೈಯಲ್ಲಿ ಆ ಪ್ಲಾಸ್ಟಿಕ್ ಗುಲಾಬಿ, ಇನ್ನೊಂದರಲ್ಲಿ ಸೂಟ್‌ಕೇಸು. ಡಾಕ್ಟ್ರು ಮುಂದಿದ್ದ ಮೂವರ ಹೂವನ್ನು ನೋಡದೆಯೇ ದೋಷ ಹೂವಿನದೆಂದು ಬರೆದು ಸಾಗಹಾಕಿದ.

"ಏನೇ ಇದು?"

"ದೂರು. ಬರ್ಕೊಳ್ಳಿ. ಒಂದು ಗಂಟೆ ಬಸ್ಸಿಗೆ ಅಕ್ಕನ ಮನೆಗೆ ಹೋಗ್ತಿದ್ದೀನಿ. ವಾಪಸ್ ಬರೋದು ಬಿಡೋದು ನಿಮ್ಮ ತೀರ್ಪು ನೋಡ್ಕೊಂಡು."

ಅಭ್ಯಾಸಬಲದಿಂದ ಅವನ ಕೈ ಭೂತಗನ್ನಡಿ ಎತ್ತಿಕೊಂಡಿತು. "ದಂಟು ಸರಿಯಾಗಿದೆ. ಒಂದೆಸಳೂ ಉದುರಿಲ್ಲ. ಧೂಳು ಕೂಡ ಇಲ್ಲ."

"ಎಲ್ಲಿಂದ ಇರುತ್ತೆ? ವಾರಕ್ಕೊಂದ್ಸಲ ಸೋಪು ಹಾಕಿ ತೊಳೀತೀನಿ."

"ಮತ್ತೆ ದೂರೇನು? ಬಾಡಿಲ್ವಲ್ಲ!"

"ಅದೇ ದೂರು. ಬಾಡಿದ್ರೆ ನೀವು ಇನ್ನೊಂದು ತರ್ತಿದ್ರಿ."

"ಸರಿಯಾಗಿ ಹೇಳಿದ್ರಮ್ಮ" ಎಂದು ಸಾಲಿನ ಹಿಂದಿನಿಂದ ಹೇಳಿ, ಮುರಿದ ಹೂಗುಚ್ಛ ಹಿಡಿದಿದ್ದ ಒಬ್ಬ ಅಪರಿಚಿತ ಕಣ್ಣೊರೆಸಿಕೊಂಡ.

ಡಾಕ್ಟ್ರು ಫಾರಮ್ಮು ನೋಡಿದ. ಹೂವಿನ ದೋಷವೇನೂ ಇರಲಿಲ್ಲ. ಇಟ್ಟುಕೊಂಡವಳ ದೋಷವಂತೂ ಇಲ್ಲವೇ ಇಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಅವಳಿಲ್ಲದ ಮನೆಯ ಬೀಗ ತೆಗೆಯುವುದು ಹೇಗೆಂದು ಅವನಿಗೆ ಹೊಳೆಯಲಿಲ್ಲ. ಸ್ಕೇಲು ತೆಗೆದುಕೊಂಡು ಕೆಳಗೆ ಮೂರನೆಯ ಚೌಕ ಎಳೆದ. ಪಕ್ಕದಲ್ಲಿ 'ದೋಷ ಕೊಟ್ಟವರದು' ಎಂದು ಬರೆದು, ಗುರುತು ಹಾಕಿ, ಸೀಲು ಒತ್ತಿದ.

ಆಮೇಲೆ ಬಕೆಟ್ಟಿನಿಂದ ಒಂದು ಕೆಂಪು ಗುಲಾಬಿ ಆರಿಸಿ, ದಂಟನ್ನು ಓರೆಯಾಗಿ ಕತ್ತರಿಸಿ ಕೊಟ್ಟ.

"ಎಷ್ಟು ದಿನ ಇರುತ್ತೆ?" ಹೆಂಡತಿ ಕೇಳಿದಳು.

"ಮೂರು ದಿನ. ಚೆನ್ನಾಗಿ ನೋಡ್ಕೊಂಡ್ರೆ ನಾಲ್ಕು."

ಅವಳು ಹೂವು ತೆಗೆದುಕೊಂಡು ಸೂಟ್‌ಕೇಸನ್ನು ಕೌಂಟರಿನ ಮೇಲಿಟ್ಟಳು. "ಇದನ್ನ ಸಂಜೆ ನೀವೇ ಹೊತ್ಕೊಂಡು ಬನ್ನಿ."

ಶನಿವಾರ ಹನ್ನೊಂದಕ್ಕೆ ಅವಳು ಮತ್ತೆ ಸಾಲಿನಲ್ಲಿದ್ದಳು, ಕೈಯಲ್ಲಿ ಕತ್ತು ಬಾಗಿದ ಗುಲಾಬಿ. ಬಾಡಿದ ಹೂವು ಕಂಡು ಡಾಕ್ಟ್ರು ಹಿಗ್ಗಿದ್ದು ಜನ್ಮದಲ್ಲಿ ಅದೇ ಮೊದಲು. ಅವನು ಭೂತಗನ್ನಡಿ ಮುಟ್ಟಲಿಲ್ಲ. ಬೆಳಗ್ಗೆಯೇ ಕತ್ತರಿಸಿಟ್ಟಿದ್ದ ಹೊಸ ಹೂವನ್ನು ಹಿಡಿದುಕೊಂಡು, ಹತ್ತೊಂಬತ್ತು ವರ್ಷದ ಕುರ್ಚಿ ಬಿಟ್ಟು ಎದ್ದು, ಅವಳು ನಿಂತಲ್ಲಿಗೇ ನಡೆದ.